ಟೆಸ್ಟರ್ ಹತ್ತದ ಕರೆಂಟು: ನೆಟ್‌ವರ್ಕ್ ಉಪಕರಣದ ಡಿಸಿ ಕೇಬಲ್ ಬದಲಿಸುವ ಬಗೆ

(ಟವರ್, ಫೈಬರ್ ಮತ್ತು ಕೇಬಲ್ ನೆಟ್‌ವರ್ಕ್ ನಿರ್ವಹಣೆ ಮಾಡುವವರಿಗಾಗಿ ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮ ಜೇಬಿನಲ್ಲಿರುವ ಟೆಸ್ಟರ್‌ನಿಂದಲೇ ಶುರು ಮಾಡೋಣ. ಮನೆ ವೈರಿಂಗ್‌ನಲ್ಲಿ ಅದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ತುದಿ ತಾಗಿಸಿದರೆ ದೀಪ ಹತ್ತಲಿಲ್ಲ, ಹಾಗಾದರೆ ಕರೆಂಟಿಲ್ಲ ಅಂತ ಪಾನ (ಸ್ಪ್ಯಾನರ್) ಹಾಕುತ್ತೇವೆ. ಪವರ್ ಪ್ಲಾಂಟ್ (ಸೈಟಿನ ಉಪಕರಣಗಳಿಗೆ ಡಿಸಿ ಕೊಡುವ ಪೆಟ್ಟಿಗೆ) ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಟೆಸ್ಟರ್ ಒಳಗಿನ ನಿಯಾನ್ ದೀಪ ಹತ್ತಲು ಸುಮಾರು 70ರಿಂದ 90 ವೋಲ್ಟ್ ಬೇಕು. ನಮ್ಮ ಬಸ್‌ಬಾರಿನಲ್ಲಿ, ಅಂದರೆ ಕರೆಂಟ್ ಹಂಚುವ ಲೋಹದ ಪಟ್ಟಿಯಲ್ಲಿ, ಇರುವುದು 54 ವೋಲ್ಟ್. ಶಾರ್ಟ್ ಆದರೆ ಸಾವಿರಕ್ಕೂ ಮಿಕ್ಕಿ ಆಂಪಿಯರ್ ಹರಿಸಬಲ್ಲ ಬ್ಯಾಟರಿ ಬ್ಯಾಂಕ್ ಹಿಂದೆ ಕುಳಿತಿದ್ದರೂ ಟೆಸ್ಟರ್ ತಣ್ಣಗೇ ಇರುತ್ತದೆ. ಆದ್ದರಿಂದ ಇವತ್ತಿನ ಕೆಲಸಕ್ಕೆ ಟೆಸ್ಟರನ್ನು ಬ್ಯಾಗಿನಲ್ಲೇ ಬಿಡಿ. ಮಲ್ಟಿಮೀಟರ್ ಬೇಕು. ಅದರ ಜೊತೆಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಮೀಟರ್ ಇಲ್ಲಿ ಯಾವಾಗಲೂ ಸೊನ್ನೆಯನ್ನೇ ತೋರಿಸುತ್ತದೆ. ಅದನ್ನು ನಂಬಿ ಕೇಬಲ್ ಬಿಚ್ಚುವುದು ಟೆಸ್ಟರ್ ನಂಬಿದಷ್ಟೇ ಅಪಾಯ.

‘48 ವೋಲ್ಟ್ ತಾನೆ, ಏನಾಗುತ್ತೆ’ ಎಂಬ ಮಾತು ನಮ್ಮ ಕೆಲಸದಲ್ಲಿ ದಿನಾ ಕೇಳಿಬರುತ್ತದೆ. ವೋಲ್ಟ್ ಕಡಿಮೆ ಇರುವುದರಿಂದಲೇ ಇಲ್ಲಿ ಆಂಪಿಯರ್ ಹೆಚ್ಚು. ಆಂಪಿಯರ್ ಹೆಚ್ಚಿರುವುದರಿಂದಲೇ ಪ್ರತಿಯೊಂದು ಲಗ್ (ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು), ಪ್ರತಿಯೊಂದು ಸ್ಕ್ರೂ ಮುಖ್ಯವಾಗುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಮೊದಲು ಈ 48ರ ಅರ್ಥ. ಒಂದು ಲೆಡ್ ಆಸಿಡ್ ಸೆಲ್ ಅಂದರೆ 2 ವೋಲ್ಟ್, ಅಂಥವು 24 ಸೇರಿದರೆ 48. ಆದರೆ ಮೈನ್ಸ್ ಕರೆಂಟ್ ಇದ್ದಾಗ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಘಟಕ) ಪ್ರತಿ ಸೆಲ್ಲಿಗೆ ಸುಮಾರು 2.25 ವೋಲ್ಟಿನಂತೆ ಫ್ಲೋಟ್ (ಬ್ಯಾಟರಿಯನ್ನು ತುಂಬಿಯೇ ಇಡುವ ವೋಲ್ಟೇಜ್) ಕೊಡುತ್ತದೆ, ಅಂದರೆ 54. ಕರೆಂಟ್ ಹೋಗಿ ಬ್ಯಾಟರಿ ಇಳಿಯುತ್ತಾ ಬಂದು ಸೆಲ್ಲಿಗೆ 1.8 ಆದಾಗ ಒಟ್ಟು 43.2. ನಮ್ಮ ಉಪಕರಣ ಈ 43.2ರಿಂದ 54ರವರೆಗಿನ ಎಲ್ಲ ವೋಲ್ಟೇಜಿನಲ್ಲೂ ಬದುಕಬೇಕು. ಇನ್ನೊಂದು ವಿಶೇಷವೆಂದರೆ ಇಲ್ಲಿ ಭೂಮಿಗೆ ಕಟ್ಟಿರುವುದು ಪ್ಲಸ್ ಕಡೆಯನ್ನು. ಇದು ಹಳೆಯ ದೂರವಾಣಿ ಕಾಲದಿಂದ ಬಂದ ಪದ್ಧತಿ. ಒದ್ದೆ ನೆಲದಲ್ಲಿ ಹೂತ ತಾಮ್ರದ ತಂತಿ ಭೂಮಿಗಿಂತ ಪ್ಲಸ್ ಆಗಿದ್ದರೆ ವಿದ್ಯುದ್ವಿಭಜನೆಯಿಂದ ತಾಮ್ರ ಸವೆದುಹೋಗುತ್ತದೆ, ಮೈನಸ್ ಆಗಿದ್ದರೆ ಉಳಿಯುತ್ತದೆ. ಹಾಗಾಗಿ ಬಿಸಿ ತಂತಿ, ಅಂದರೆ ವೋಲ್ಟ್ ಇರುವ ತಂತಿ, ಮೈನಸ್ 48. ಪ್ಲಸ್ ಕಡೆಯನ್ನು ರಿಟರ್ನ್ ಅನ್ನುತ್ತೇವೆ, ಅದು ಭೂಮಿಯ ಮಟ್ಟದಲ್ಲೇ ಇರುತ್ತದೆ.

ಶಾಕ್ ಬಗ್ಗೆ ಒಂದು ಮಾತು. 60 ವೋಲ್ಟಿನೊಳಗಿನ ಡಿಸಿ ಸುರಕ್ಷಿತ ಎನ್ನುವ ಲೆಕ್ಕ ಒಣ ಮೈಗೆ ಹೇಳಿದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ, ತೀರ್ಥಹಳ್ಳಿ ಕಡೆಯ ಸೈಟಿಗೆ ಆಷಾಢದಲ್ಲಿ ಹೋದವರ ಕೈ, ಅಂಗಿ, ಶೂ ಯಾವುದೂ ಒಣಗಿರುವುದಿಲ್ಲ. ಒಂದು ಒಣ ಟವೆಲ್, ಒಂದು ಜೊತೆ ಒಣ ಕೈಗವಸು, ನಿಲ್ಲಲು ಒಂದು ರಬ್ಬರ್ ಮ್ಯಾಟ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ. ಆದರೂ ದೊಡ್ಡ ಅಪಾಯ ಶಾಕ್ ಅಲ್ಲ, ಸುಡುವುದು. ಬೆರಳಿನ ಉಂಗುರ ಮೈನಸ್ ಸ್ಟಡ್ಡಿಗೂ (ಕೇಬಲ್ ಕಟ್ಟುವ ಬೋಲ್ಟಿಗೂ) ರ‍್ಯಾಕಿನ ಕಬ್ಬಿಣಕ್ಕೂ ನಡುವೆ ಸಿಕ್ಕಿದರೆ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಕೈ ಎಳೆದುಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಉಂಗುರ, ವಾಚು, ಕಡಗ, ಕುತ್ತಿಗೆಯ ಸರ ಎಲ್ಲ ಬಾಗಿಲ ಹೊರಗೇ ತೆಗೆದಿಡಿ. ಪಾನಗಳ ಹಿಡಿಗೆ, ಬಾಯಿಯ ಭಾಗವಷ್ಟೇ ಬಿಟ್ಟು, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಕಣ್ಣಿಗೆ ಕನ್ನಡಕ ಇರಲಿ.

ಆರ್ಕ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಬಂದಾಗೆಲ್ಲ ಕಿಡಿಗೆ ಆರುವ ಅವಕಾಶ ಇರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಹೊತ್ತಿದ ಕಿಡಿ ಹೊತ್ತಿಕೊಂಡೇ ಇರುತ್ತದೆ. ಲೋಡ್ ಇರುವಾಗ ಪ್ಲಗ್ ಎಳೆಯಬಾರದು ಎನ್ನುವುದೂ, ಡಿಸಿ ಜಾಗಕ್ಕೆ ಡಿಸಿ ರೇಟಿಂಗ್ ಬರೆದಿರುವ ಎಂಸಿಬಿಯೇ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೇಕು ಎನ್ನುವುದೂ ಇದಕ್ಕೇ. ಅಂಗಡಿಯಲ್ಲಿ ಸಿಗುವ ಮನೆಯ ಎಂಸಿಬಿ ಹಾಕಿದರೆ ಅದು ದಿನನಿತ್ಯ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಶಾರ್ಟ್ ಆದ ದಿನ ಮಾತ್ರ ಒಳಗಿನ ಆರ್ಕ್ ಆರದೆ ಪೆಟ್ಟಿಗೆಯೇ ಕರಗಬಹುದು.

ಕೇಬಲ್ ಕೆಟ್ಟಿರುವುದು ಮಳೆಗಾಲದ ರಾತ್ರಿಯೇ ಏಕೆ ಗೊತ್ತಾಗುತ್ತದೆ

ಮಲೆನಾಡಿನವರಿಗೆ ತಾಮ್ರ ಕಿಲುಬುವುದನ್ನು ವಿವರಿಸಬೇಕಿಲ್ಲ. ಅಡಿಕೆಗೆ ಬೋರ್ಡೋ ಹೊಡೆಯುವ ಮನೆಯಲ್ಲಿ ಬೆಳೆದವರಿಗೆ ಮೈಲುತುತ್ತದ ಬಣ್ಣ ಗೊತ್ತು. ಹಳೆಯ ಲಗ್‌ನ ಹಿಂದೆ ಇನ್ಸುಲೇಷನ್ನನ್ನು ಒಂದು ಬೆರಳಗಲ ಸೀಳಿ ನೋಡಿ. ಒಳಗಿನ ಎಳೆಗಳ ಮೇಲೆ ಸುಮಾರು ಅದೇ ಹಸಿರು–ನೀಲಿ ಪುಡಿ ಕೂತಿದ್ದರೆ ಆ ಕೇಬಲ್‌ನ ಆಯಸ್ಸು ಮುಗಿದಂತೆ. ತೇವ ಎಳೆಗಳ ಸಂದಿಯಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೊಳಗೇ ಏರಿರುತ್ತದೆ. ಬರೀ ಲಗ್ ಕತ್ತರಿಸಿ ಹೊಸ ಲಗ್ ಹಾಕಿದರೆ ಕಿಲುಬಿನ ಮೇಲೇ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಹಾಗಾಯಿತು. ಲಗ್ ಹತ್ತಿರ ಇನ್ಸುಲೇಷನ್ ಕಂದಾಗಿ ಗಡುಸಾಗಿದ್ದರೆ ಅಲ್ಲಿ ಶಾಖ ಹುಟ್ಟಿದೆ ಎಂದೇ ಅರ್ಥ. ಇಲಿ ಕಚ್ಚಿದ ಗುರುತು, ಕೇಬಲ್ ಟ್ರೇಯ ಅಂಚು ಕೊರೆದ ಗಾಯ ಇದ್ದರೂ ಬದಲಿಸಲೇಬೇಕು.

ಇಂಥ ಕೇಬಲ್ ಬಿಸಿಲಿನ ದಿನ ಸುಮ್ಮನೆ ಕೆಲಸ ಮಾಡುತ್ತಾ ಇರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. 600 ವ್ಯಾಟಿನ ಉಪಕರಣ, ಪವರ್ ಪ್ಲಾಂಟ್‌ನಿಂದ 15 ಮೀಟರ್ ದೂರ. ಹೋಗಿ ಬರುವ ದಾರಿ 30 ಮೀಟರ್. ತಾಮ್ರಕ್ಕೆ ಒಂದು ಮೀಟರ್ ಉದ್ದ, ಒಂದು ಸ್ಕ್ವೇರ್ ಎಂಎಂ ದಪ್ಪಕ್ಕೆ 0.0175 ಓಮ್. 4 ಸ್ಕ್ವೇರ್ ಎಂಎಂ ಕೇಬಲ್ ಆದರೆ 30 × 0.0175 ÷ 4, ಅಂದರೆ 0.131 ಓಮ್. ಕಿಲುಬು ಹಿಡಿದ ಜೋಡಣೆಗಳೆಲ್ಲ ಸೇರಿ ಇನ್ನು 0.1 ಓಮ್ ಎಂದಿಟ್ಟುಕೊಳ್ಳಿ. ಫ್ಲೋಟ್ 54 ಇದ್ದಾಗ ಉಪಕರಣದ ಬಾಯಿಗೆ 51.3 ವೋಲ್ಟ್ ಸಿಗುತ್ತದೆ, ಹರಿಯುವುದು 11.7 ಆಂಪಿಯರ್. ಅಲಾರಂ ಇಲ್ಲ, ಯಾರಿಗೂ ಅನುಮಾನವಿಲ್ಲ.

ಈಗ ಜುಲೈ ತಿಂಗಳು, ಮರ ಬಿದ್ದು ಲೈನ್ ಹೋಗಿದೆ, ಬ್ಯಾಟರಿ 43.2ಕ್ಕೆ ಇಳಿದಿದೆ. ಉಪಕರಣಕ್ಕೆ ಬೇಕಾದದ್ದು ಅದೇ 600 ವ್ಯಾಟ್. ವೋಲ್ಟ್ ಇಳಿದಷ್ಟೂ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ದಾರಿಯಲ್ಲಿ ಹೆಚ್ಚು ವೋಲ್ಟ್ ಸೋರುತ್ತದೆ. ಲೆಕ್ಕ ಬಿಡಿಸಿದರೆ 15.1 ಆಂಪಿಯರ್, ಉಪಕರಣದ ಬಾಯಿಗೆ ಸಿಗುವುದು 39.7 ವೋಲ್ಟ್. ಬಹಳಷ್ಟು ಉಪಕರಣಗಳು 40ರ ಆಸುಪಾಸಿನಲ್ಲಿ ಕೈಬಿಡುತ್ತವೆ. ಅದು ಆಫ್ ಆಯಿತು, ಲೋಡ್ ಹೋಯಿತು, ವೋಲ್ಟ್ ಮತ್ತೆ ಏರಿತು, ಉಪಕರಣ ಮತ್ತೆ ಬೂಟ್ ಆಗತೊಡಗಿತು, ಮತ್ತೆ ಬಿತ್ತು. ಬ್ಯಾಟರಿಯಲ್ಲಿ ಇನ್ನೂ ಜೀವ ಇದ್ದರೂ ಊರಿಗೆ ನೆಟ್‌ವರ್ಕ್ ಇಲ್ಲ. ಬೈಗುಳ ಬೀಳುವುದು ಬ್ಯಾಟರಿಗೆ, ತಪ್ಪು ಕೇಬಲ್‌ನದು. ಆ 0.1 ಓಮ್ ಪೂರ್ತಿ ಒಂದೇ ಲಗ್‌ನಲ್ಲಿದ್ದರೆ ಅಲ್ಲಿ ಹುಟ್ಟುವ ಶಾಖ 22 ವ್ಯಾಟಿಗೂ ಹೆಚ್ಚು. ಹೆಚ್ಚುಕಡಿಮೆ ಒಂದು ಸಣ್ಣ ಸೋಲ್ಡರಿಂಗ್ ಐರನ್ನನ್ನು ಪ್ಲಾಸ್ಟಿಕ್ಕಿಗೆ ಒತ್ತಿ ಹಿಡಿದ ಹಾಗೆ.

ಹೊಸ ಕೇಬಲ್ ಆರಿಸುವಾಗ ಈ ಲೆಕ್ಕವನ್ನೇ ಬ್ಯಾಟರಿ ತಳಕ್ಕೆ ಬಂದಾಗಿನ ವೋಲ್ಟೇಜಿಗೆ ಹಾಕಬೇಕು, 54ಕ್ಕಲ್ಲ. ಜೋಡಣೆ ಚೆನ್ನಾಗಿದ್ದರೂ 4 ಸ್ಕ್ವೇರ್ ಎಂಎಂನಲ್ಲಿ 1.9 ವೋಲ್ಟ್ ಹೋಗುತ್ತದೆ, 6ರಲ್ಲಿ 1.25, 10ರಲ್ಲಿ ಮುಕ್ಕಾಲು ವೋಲ್ಟಿನಷ್ಟು. ಈ ಭಾಗಕ್ಕೆ ಒಂದು ವೋಲ್ಟಿಗಿಂತ ಹೆಚ್ಚು ಬಿಟ್ಟುಕೊಡಬಾರದು ಎನ್ನುವುದು ನನ್ನ ಅಭಿಪ್ರಾಯ, ಹಾಗಾಗಿ ಇಲ್ಲಿ 10. ಉಪಕರಣದ ಪ್ಲಗ್‌ಗೆ 10 ಹಿಡಿಸದಿದ್ದರೆ ಪಿನ್ ಟೈಪ್ ಲಗ್ ಹಾಕಿ, ಇಲ್ಲವೇ 6ಕ್ಕೆ ಇಳಿಯಿರಿ. ತೂತಿಗೆ ತೂರಲಿ ಎಂದು ಎಳೆಗಳನ್ನು ಕತ್ತರಿಸಿ ತೆಳ್ಳಗೆ ಮಾಡಬೇಡಿ. ಎಂಸಿಬಿಗೆ ಗರಿಷ್ಠ ಲೋಡಿನ ಮೇಲೆ ಕಾಲು ಭಾಗ ಸೇರಿಸಿ: 14.1 ಆಂಪಿಯರಿಗೆ 17.6 ಆಗುತ್ತದೆ, ಮುಂದಿನ ಅಳತೆ 20. ಟ್ರಿಪ್ ಆಗುತ್ತದೆಂದು 32 ತಂದು ಹಾಕುವವರಿದ್ದಾರೆ. ಎಂಸಿಬಿ ಇರುವುದು ಕೇಬಲನ್ನು ಕಾಪಾಡಲು. ಟ್ರಿಪ್ ಆಗುತ್ತಿದ್ದರೆ ಮೊದಲು ಅದರ ಕಾರಣ ಹುಡುಕಿ.

ನಮ್ಮ ಹವೆಗೆ ಬರಿ ತಾಮ್ರಕ್ಕಿಂತ ತವರ ಲೇಪಿಸಿದ ಎಳೆಗಳ ಕೇಬಲ್ ಒಳ್ಳೆಯದು. ಬೆಲೆ ಸ್ವಲ್ಪ ಹೆಚ್ಚು, ಆದರೂ ಅದನ್ನೇ ಕೇಳಿ. ಹೊರಗೆ ಓಡುವ ಭಾಗವಿದ್ದರೆ ಬಿಸಿಲು ತಡೆಯುವ ಹೊರಕವಚ ಇರಲಿ.

ಬಿಚ್ಚುವ ಮೊದಲು

ಎರಡು ಫೀಡ್, ಅಂದರೆ ಕರೆಂಟ್ ಬರುವ ಎ, ಬಿ ಎಂಬ ಎರಡು ದಾರಿ, ಇರುವ ಉಪಕರಣ ಸಿಕ್ಕರೆ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಎ ತೆಗೆದರೆ ಬಿ ಇದೆಯಲ್ಲ ಅಂತ. ಸಣ್ಣ ಸೈಟುಗಳಲ್ಲಿ ಎ, ಬಿ ಎರಡೂ ಒಂದೇ ಎಂಸಿಬಿಯಿಂದ ಲೂಪ್ ಆಗಿರುವುದುಂಟು. ಉಪಕರಣದ ಮುಂದೆ ಎರಡು ಹಸಿರು ದೀಪ ಉರಿಯುತ್ತಿರುತ್ತವೆ, ಹಿಂದೆ ಒಂದೇ ಸ್ವಿಚ್. ಆದ್ದರಿಂದ ಕೇಬಲನ್ನು ಬೋರ್ಡಿನಿಂದ ಉಪಕರಣದವರೆಗೆ ಕೈಯಿಂದ ಹಿಡಿದು ಹಿಂಬಾಲಿಸಿ. ಟ್ಯಾಗ್ ಸುಳ್ಳಾಡಬಹುದು. ಕ್ಲ್ಯಾಂಪ್ ಮೀಟರನ್ನು ಸೊನ್ನೆಗೆ ತಂದುಕೊಂಡು ಎಂಸಿಬಿಯ ಕೆಳಗಿನ ಕೇಬಲ್‌ಗೆ ಹಾಕಿ, ಆಮೇಲೆ ಉಪಕರಣದ ಹತ್ತಿರ ಅದೇ ಕೇಬಲ್‌ಗೆ ಹಾಕಿ. ಎರಡೂ ಕಡೆ ಒಂದೇ ಅಂಕಿ ಬರಬೇಕು. ಎ ಮತ್ತು ಬಿ ಲೋಡನ್ನು ಹಂಚಿಕೊಳ್ಳುವ ಉಪಕರಣವಾದರೆ ನಮ್ಮ ಉದಾಹರಣೆಯಲ್ಲಿ ಒಂದೊಂದರಲ್ಲೂ 5.6ರ ಆಸುಪಾಸು ಕಾಣುತ್ತದೆ. ಎ ಆಫ್ ಮಾಡಿದ ಕೂಡಲೇ ಬಿ 11ಕ್ಕೆ ಏರಬೇಕು. ಅದನ್ನು ತಾಳುವಷ್ಟು ಬಿ ಕಡೆಯ ಎಂಸಿಬಿ, ಕೇಬಲ್ ಇವೆಯೇ ಎಂದು ಆಫ್ ಮಾಡುವ ಮುಂಚೆಯೇ ನೋಡಿ, ಆಫ್ ಮಾಡಿದ ಮೇಲೆ ಅಲ್ಲ. ಬಿ ಪವರ್ ಸಪ್ಲೈ ಆರೋಗ್ಯವಾಗಿದೆಯೇ ಎಂದು ಉಪಕರಣದೊಳಗೆ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ. ಕಾನ್ಫಿಗರೇಷನ್ ಉಳಿಸಿ, ಅದರ ಒಂದು ನಕಲು ಹೊರಗೂ ಇಡಿ. ಎನ್‌ಒಸಿಗೆ (ನೆಟ್‌ವರ್ಕ್ ಮೇಲೆ ಕಣ್ಣಿಡುವ ನಿಯಂತ್ರಣ ಕೇಂದ್ರ) ತಿಳಿಸಿ.

ಹೊತ್ತಿನ ಬಗ್ಗೆ: ಒಂದೇ ಫೀಡ್ ಇದ್ದರೆ ರಾತ್ರಿಯ ಕೆಲಸ ತಪ್ಪದು. ಎರಡು ನಿಜವಾದ ಫೀಡ್ ಇದ್ದರೆ ಬೆಳಗಿನ ಬೆಳಕಿನಲ್ಲಿ ಮಾಡುವುದೇ ಮೇಲು. ಘಟ್ಟದ ಅಂಚಿನ ಸೈಟಿನಲ್ಲಿ ನಡುರಾತ್ರಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು 54 ವೋಲ್ಟಿನ ಬಸ್‌ಬಾರ್ ಮುಂದೆ ಕೂರುವ ಅಗತ್ಯವಿಲ್ಲ. ಗುಡುಗು ಕೇಳಿದರೆ ಕೆಲಸ ನಿಲ್ಲಿಸಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಯಲ್ಲಿ ಅರ್ಥಿಂಗ್ ಬಿಚ್ಚಿಟ್ಟ ಉಪಕರಣದ ಮೇಲೆ ಕೈಯಿಟ್ಟು ನಿಲ್ಲುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಇಲ್ಲ.

ಇನ್ನು ಬಣ್ಣ. ನಮ್ಮಲ್ಲಿ ಮೈನಸ್ 48ಕ್ಕೆ ನೀಲಿ, ರಿಟರ್ನ್‌ಗೆ ಕೆಂಪು ಅಥವಾ ಕಪ್ಪು ಕಾಣಸಿಗುತ್ತದೆ. ಮನೆ ವೈರಿಂಗ್‌ನವರಿಗೆ ಕೆಂಪು ಅಂದರೆ ಫೇಸ್, ಇಲ್ಲಿ ಅದೇ ಕೆಂಪು ಭೂಮಿಯ ಮಟ್ಟದಲ್ಲಿರುವ ರಿಟರ್ನ್ ಆಗಿರಬಹುದು. ಒಂದೇ ಸೈಟಿನಲ್ಲಿ ಮೂರು ಕಾಲದವರು ಮೂರು ಬಣ್ಣ ಎಳೆದಿರುತ್ತಾರೆ. ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ. ಮೀಟರಿನ ಕಪ್ಪು ಕಡ್ಡಿ ಅರ್ಥ್ ಬಾರ್‌ಗೆ, ಕೆಂಪು ಕಡ್ಡಿ ತಂತಿಗೆ. ಮೈನಸ್ 54ರ ಹತ್ತಿರ ಬಂದರೆ ಬಿಸಿ, ಸೊನ್ನೆಯ ಹತ್ತಿರ ಬಂದರೆ ರಿಟರ್ನ್. ಕೊನೆಗೆ ನಿಮ್ಮ ಟೇಪಿನಿಂದ ನಿಮ್ಮದೇ ಗುರುತು ಹಾಕಿ. ಮೀಟರ್ ಹಿಡಿಯುವ ಮುನ್ನ ಅದರ ಕೆಂಪು ವೈರ್ ಎಲ್ಲಿ ಚುಚ್ಚಿದೆ ಎಂದು ಪ್ರತಿ ಸಲವೂ ನೋಡಿ. ಹಿಂದಿನ ದಿನ ಆಂಪಿಯರ್ ಅಳೆದು 10 ಆಂಪಿಯರ್ ತೂತಿನಲ್ಲೇ ಬಿಟ್ಟಿದ್ದರೆ, ವೋಲ್ಟ್ ಅಳೆಯಲು ಹೋದಾಗ ಮೀಟರೇ ಬ್ಯಾಟರಿಗೆ ಶಾರ್ಟ್ ಆಗುತ್ತದೆ.

ಬಿಚ್ಚುವ ಕ್ರಮ

ಎಂಸಿಬಿ ಆಫ್ ಮಾಡಿ. ಅದಕ್ಕೆ ಲಾಕ್ ಕ್ಲಿಪ್ ಹಾಕಿ, ಫ್ಯೂಸ್ ಆದರೆ ಕಿತ್ತು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ‘ಕೆಲಸ ನಡೆಯುತ್ತಿದೆ, ಹಾಕಬೇಡಿ’ ಎಂಬ ಚೀಟಿ ಕಟ್ಟಿ. ಈಗ ಮೀಟರನ್ನು ಕರೆಂಟ್ ಇರುವುದು ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಒಮ್ಮೆ ಮುಟ್ಟಿಸಿ, ಅದು 54 ತೋರಿಸಲಿ. ಆಮೇಲೆ ನೀವು ಬಿಚ್ಚಬೇಕಾದ ಟರ್ಮಿನಲ್‌ಗೆ. ಆಮೇಲೆ ಮತ್ತೆ ಕರೆಂಟ್ ಇರುವ ಜಾಗಕ್ಕೆ. ಮೂರನೇ ಅಳತೆ ಬೇಕಾಗುವುದು, ನಡುವಿನ ಸೊನ್ನೆ ಸತ್ತ ತಂತಿಯದೋ ಸತ್ತ ಮೀಟರಿನದೋ ಗೊತ್ತಾಗಲಿ ಎಂದು.

ಸತ್ತ ಟರ್ಮಿನಲ್‌ನಲ್ಲಿ ಒಮ್ಮೊಮ್ಮೆ ಸೊನ್ನೆ ಬರುವುದಿಲ್ಲ, ಹತ್ತಿಪ್ಪತ್ತು ವೋಲ್ಟ್ ನಿಧಾನ ಇಳಿಯುತ್ತಿರುತ್ತದೆ. ಉಪಕರಣದೊಳಗಿನ ಕೆಪಾಸಿಟರ್ ಖಾಲಿಯಾಗುತ್ತಿದೆ, ಒಂದೆರಡು ನಿಮಿಷ ಕೊಡಿ. ಇಳಿಯದೆ ನಿಂತರೆ ಬಿ ಫೀಡ್‌ನಿಂದ ಒಳಗಿನ ಡಯೋಡ್ ಮೂಲಕ ಸಣ್ಣ ಸೋರಿಕೆ ಇರಬಹುದು. ಅದು ನಿಜವಾಗಿ ಸೋರಿಕೆಯೇ ಅಥವಾ ತಪ್ಪು ಎಂಸಿಬಿ ಇಳಿಸಿದ್ದೀರೋ ಎಂದು ಕ್ಲ್ಯಾಂಪ್ ಮೀಟರಿನಲ್ಲಿ ಖಚಿತವಾಗುವ ತನಕ ಮುಂದಕ್ಕೆ ಹೋಗಬೇಡಿ. ಪೂರ್ತಿ 54 ಇದ್ದರಂತೂ ತಪ್ಪು ಎಂಸಿಬಿ ಇಳಿಸಿರುವ ಸಾಧ್ಯತೆಯೇ ಹೆಚ್ಚು.

ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ರಿಟರ್ನ್, ಕೊನೆಗೆ ಅರ್ಥ್, ಅದೂ ಅರ್ಥ್ ಬಿಚ್ಚಲೇಬೇಕಿದ್ದರೆ ಮಾತ್ರ. ಕಟ್ಟುವಾಗ ಇದರ ತಿರುಗಾಮುರುಗಾ: ಮೊದಲು ಅರ್ಥ್, ಆಮೇಲೆ ರಿಟರ್ನ್, ಕೊನೆಗೆ ಮೈನಸ್. ಬಾಯಿಪಾಠ ಮಾಡಿದ್ದು ಅವಸರದಲ್ಲಿ ಮರೆತುಹೋಗುತ್ತದೆ, ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ. ಅಕಸ್ಮಾತ್ ಎಲ್ಲಿಂದಲೋ ಕರೆಂಟ್ ಉಳಿದಿದೆ ಎಂದುಕೊಳ್ಳಿ. ಮೈನಸ್ ಇರುವಂತೆಯೇ ರಿಟರ್ನ್ ಬಿಚ್ಚಿದರೆ ಉಪಕರಣ ಎಳೆಯುವ ಕರೆಂಟಿಗೆ ಮನೆಗೆ ಹೋಗುವ ದಾರಿ ಕಟ್ಟಾಯಿತು. ಅದು ರ‍್ಯಾಕಿನ ಕಬ್ಬಿಣ, ಅರ್ಥ್ ವೈರ್, ಇನ್ನೊಂದು ಉಪಕರಣಕ್ಕೆ ಹೋದ ಡೇಟಾ ಕೇಬಲ್‌ನ ಶೀಲ್ಡ್, ಸಿಕ್ಕ ದಾರಿಯಲ್ಲಿ ಹೋಗಲು ನೋಡುತ್ತದೆ. ಡೇಟಾ ಕೇಬಲ್‌ನ ತೆಳು ಜರಿ 10 ಆಂಪಿಯರ್ ಹೊರಲು ಹುಟ್ಟಿದ್ದಲ್ಲ, ಪೋರ್ಟ್ ಸುಡುತ್ತದೆ. ಮೈನಸ್ ಮೊದಲು ತೆಗೆದರೆ ಉಳಿದ ಎರಡೂ ಭೂಮಿಯ ಮಟ್ಟದವು. ಪಾನ ಜಾರಿ ರ‍್ಯಾಕಿಗೆ ತಾಗಿದರೂ ಏನೂ ಆಗುವುದಿಲ್ಲ.

ಒಂದು ತುದಿ ಬಿಚ್ಚಿದ ಕೂಡಲೇ ಅದಕ್ಕೆ ಟೇಪ್ ಸುತ್ತಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಹಳೆ ಕೇಬಲನ್ನು ಕತ್ತರಿಸಬೇಕಾಗಿ ಬಂದರೆ ಎರಡು ತಂತಿಗಳನ್ನು ಒಟ್ಟಿಗೆ ಕಟರ್ ಬಾಯಿಗೆ ಕೊಡಬೇಡಿ, ಒಂದೊಂದಾಗಿ ಕತ್ತರಿಸಿ. ಪವರ್ ಪ್ಲಾಂಟ್ ಕಡೆ ಬಿಚ್ಚುವಾಗ ಅಕ್ಕಪಕ್ಕದ ಎಂಸಿಬಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ರಬ್ಬರ್ ಹಾಳೆಯೋ ದಪ್ಪ ಪ್ಲಾಸ್ಟಿಕ್ಕೋ ಅಡ್ಡ ಇಟ್ಟುಕೊಳ್ಳಿ. ಎಂಸಿಬಿಗಿಂತ ಮೇಲಿನ ಭಾಗ, ಅಂದರೆ ಬ್ಯಾಟರಿಯಿಂದ ಬರುವ ಕೇಬಲ್ ಕೆಟ್ಟಿದ್ದರೆ ಅದು ಬೇರೆಯೇ ಕೆಲಸ. ಬ್ಯಾಟರಿ ಫ್ಯೂಸ್ ತೆಗೆಯದೆ ಅದನ್ನು ಮುಟ್ಟುವ ಹಾಗಿಲ್ಲ.

ಲಗ್

ಇಡೀ ಕೆಲಸದಲ್ಲಿ ಅರ್ಧ ಸಮಯ ಇಲ್ಲಿಗೆ ಹೋಗಲಿ. 10 ಸ್ಕ್ವೇರ್ ಎಂಎಂ ಕೇಬಲ್, ಎಂ6 ಬೋಲ್ಟ್ ಅಂದರೆ ‘10–6’ ಎಂದು ಕೊರೆದಿರುವ, ತವರ ಲೇಪಿಸಿದ ತಾಮ್ರದ ಲಗ್. ಎಂ8 ತೂತಿನ ಲಗ್ಗನ್ನು ಎಂ6 ಬೋಲ್ಟಿಗೆ ಹಾಕಿದರೆ ಕೂರುತ್ತದೆ, ಆದರೆ ತಾಗುವ ಜಾಗ ಕಡಿಮೆಯಾಯಿತು. ಲಗ್‌ನ ಕೊಳವೆ ಎಷ್ಟು ಆಳವೋ ಅದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ಇನ್ಸುಲೇಷನ್ ಸುಲಿಯಿರಿ. ಬ್ಲೇಡ್ ಎಳೆಗೆ ತಾಗಿ ನಾಲ್ಕು ಎಳೆ ತುಂಡಾದರೆ ಆ ತುದಿ ಕತ್ತರಿಸಿ ಮತ್ತೆ ಸುಲಿಯಿರಿ. ಹೀಟ್ ಶ್ರಿಂಕ್ ಸ್ಲೀವನ್ನು ಮೊದಲೇ ಕೇಬಲ್‌ಗೆ ತೂರಿಸಿಡಿ, ಮರೆತರೆ ಲಗ್ ಒತ್ತಿದ ಮೇಲೆ ಹಾಕಲಾಗುವುದಿಲ್ಲ. ಎಳೆಗಳನ್ನು ಹೊಸೆದಿದ್ದ ದಿಕ್ಕಿನಲ್ಲೇ ಮೆಲ್ಲಗೆ ಹೊಸೆದು ಒಂದೂ ಹೊರಗುಳಿಯದಂತೆ ತೂರಿಸಿ. ನೋಡುವ ತೂತು ಇದ್ದರೆ ಅದರಲ್ಲಿ ತಾಮ್ರ ಕಾಣಬೇಕು.

ಕ್ರಿಂಪಿಂಗ್ ಟೂಲ್‌ನಲ್ಲಿ 10ರ ಡೈಯೇ (ಒತ್ತುವ ಅಚ್ಚು) ಇರಬೇಕು. 16ರ ಡೈಯಲ್ಲಿ ಒತ್ತಿದರೆ ಸಡಿಲ, 6ರ ಡೈಯಲ್ಲಿ ಒತ್ತಿದರೆ ಕೊಳವೆ ಸೀಳುತ್ತದೆ. ಎರಡು ಒತ್ತು ಕೊಡುವ ಲಗ್ ಆದರೆ ಮೊದಲನೆಯದು ಬೋಲ್ಟ್ ತೂತಿನ ಕಡೆಗೆ, ಎರಡನೆಯದು ಕೇಬಲ್ ಕಡೆಗೆ. ಸುತ್ತಿಗೆಯಿಂದ ಬಡಿದ ಲಗ್, ಕಟಿಂಗ್ ಪ್ಲೇಯರ್‌ನಿಂದ ಕಚ್ಚಿಸಿದ ಲಗ್ ನೋಡಲು ಗಟ್ಟಿ, ಒಳಗೆ ಎಳೆಗಳ ನಡುವೆ ಗಾಳಿ. ಆ ಗಾಳಿಯ ಜಾಗದಲ್ಲೇ ಮುಂದಿನ ಮಳೆಗಾಲಕ್ಕೆ ಮೈಲುತುತ್ತದ ಬಣ್ಣ ಬರುವುದು. ಒತ್ತಿದ ಮೇಲೆ ಲಗ್ ಹಿಡಿದು ಕೈಯ ಬಲವೆಲ್ಲ ಹಾಕಿ ಎಳೆಯಿರಿ. ಕಿತ್ತು ಬಂದರೆ ಇಲ್ಲೇ ಬರಲಿ.

ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಲ್ಲವೇ ಎಂದು ಕೇಳುವವರಿದ್ದಾರೆ. ಸ್ಕ್ರೂ ಕೆಳಗೆ ಬರುವ ತುದಿಗೆ ಬೆಸುಗೆ ಬೇಡ. ಸೀಸ–ತವರ ಮೆತ್ತಗಿನ ಲೋಹ, ಒತ್ತಡದಲ್ಲಿ ದಿನ ಕಳೆದಂತೆ ಹರಡಿಕೊಳ್ಳುತ್ತದೆ, ಬಿಗಿದ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಬೆಸುಗೆ ಏರಿ ನಿಂತ ಜಾಗದಲ್ಲಿ ಕೇಬಲ್ ಗಡುಸಾಗಿ ಅಲ್ಲೇ ಮುರಿಯುತ್ತದೆ. ಪ್ಲಗ್‌ಗೆ ಹೋಗುವ ತುದಿಗೆ ಫೆರೂಲ್ (ಎಳೆಗಳನ್ನು ಹಿಡಿದಿಡುವ ತೆಳು ಲೋಹದ ಕೊಳವೆ) ಹಾಕಿ ಒತ್ತಿ, ಅಷ್ಟು ಸಾಕು.

ಬೋಲ್ಟಿಗೆ ಕೂರಿಸುವಾಗ ಲಗ್‌ನ ಚಪ್ಪಟೆ ಮೈ ನೇರವಾಗಿ ಬಸ್‌ಬಾರಿಗೆ ತಾಗಬೇಕು. ಅದರ ಮೇಲೆ ಚಪ್ಪಟೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಆಮೇಲೆ ನಟ್ಟು. ಲಗ್‌ಗೂ ಬಾರ್‌ಗೂ ನಡುವೆ ವಾಷರ್ ಸಿಕ್ಕಿಸಿರುವುದು ಎಷ್ಟೋ ಕಡೆ ಕಾಣುತ್ತದೆ. ಹಾಗೆ ಮಾಡಿದರೆ ಕರೆಂಟು ಕಬ್ಬಿಣದ ವಾಷರ್ ಮೂಲಕ ಹಾದುಹೋಗಬೇಕು, ಅಲ್ಲಿ ಬಿಸಿಯಾಗುತ್ತದೆ. ಬಾರ್ ಮಂಕಾಗಿದ್ದರೆ ನೈಲಾನ್ ಉಜ್ಜುಗದಿಂದ ಹೊಳಪು ಬರುವವರೆಗೆ ಉಜ್ಜಿ. ಸ್ಟೀಲ್ ವೂಲ್ ಬೇಡ, ಅದರ ಚೂರು ಉದುರಿ ಶಾರ್ಟ್ ಮಾಡುತ್ತದೆ. ಅರ್ಥ್ ಲಗ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಲೋಹ ಕಾಣಿಸಿ, ಕಿಲುಬು ತಡೆಯುವ ಪೇಸ್ಟ್ ತೆಳ್ಳಗೆ ಸವರಿ. ಬಿಗಿಯುವ ಬಲ ಉಪಕರಣದ ಕೈಪಿಡಿಯಲ್ಲಿರುತ್ತದೆ. ಸಣ್ಣ ಪ್ಲಗ್ ಟರ್ಮಿನಲ್‌ಗಳಿಗೆ ಸಾಮಾನ್ಯವಾಗಿ 0.5ರಿಂದ 0.6 ನ್ಯೂಟನ್ ಮೀಟರ್, ಅಂದರೆ ಬೆರಳ ತುದಿಯ ಬಲ. ಮುಷ್ಟಿಯಲ್ಲಿ ತಿರುಗಿಸಿದರೆ ಸ್ಕ್ರೂವಿನ ಥ್ರೆಡ್ ಹೋಗುತ್ತದೆ.

ಎಳೆಯುವುದರ ಬಗ್ಗೆ ಚಿಕ್ಕದಾಗಿ: ಮೈನಸ್ ಮತ್ತು ರಿಟರ್ನ್ ಒಂದಕ್ಕೊಂದು ಅಂಟಿಕೊಂಡೇ ಓಡಲಿ. ದೂರ ದೂರ ಎಳೆದರೆ ನಡುವಿನ ಜಾಗ ದೊಡ್ಡ ಸುತ್ತಿನಂತಾಗಿ ಸಿಡಿಲು ಹತ್ತಿರ ಬಿದ್ದಾಗ ಅಷ್ಟು ಹೆಚ್ಚು ಆಘಾತ ಹಿಡಿಯುತ್ತದೆ. ಉಳಿದ ಕೇಬಲ್ ಸುರುಳಿ ಸುತ್ತಿಡಬೇಡಿ, ಅಳತೆಗೆ ಕತ್ತರಿಸಿ. ಹೊರಗಿನಿಂದ ಒಳಬರುವ ಜಾಗದಲ್ಲಿ ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಗ್ಲ್ಯಾಂಡ್ ಬಿಗಿದು ಉಳಿದ ಸಂದಿಗೆ ಪುಟ್ಟಿ ತುಂಬಿ. ಚಿಗಳಿ ಇರುವೆ, ಹಲ್ಲಿ, ಇಲಿಮರಿ ಎಲ್ಲಕ್ಕೂ ಬೆಚ್ಚಗಿನ ಪೆಟ್ಟಿಗೆ ಇಷ್ಟ. ಹಲ್ಲಿ ಎರಡು ಸ್ಟಡ್ ನಡುವೆ ಸಿಕ್ಕಿದರೆ ಅದೂ ಸಾಯುತ್ತದೆ, ಸೈಟೂ ಸಾಯುತ್ತದೆ.

ಕರೆಂಟ್ ಕೊಡುವ ಮೊದಲು, ಕೊಟ್ಟ ಮೇಲೆ

ಕೇಬಲ್‌ನ ಎರಡೂ ತುದಿ ಬಿಡಿಯಾಗಿರುವಾಗಲೇ ಮೈನಸ್ ತಂತಿ ಈ ತುದಿಯಿಂದ ಆ ತುದಿಗೆ ಕೂಡಿದೆಯೇ, ಮೈನಸ್–ರಿಟರ್ನ್ ನಡುವೆ, ಮೈನಸ್–ಅರ್ಥ್ ನಡುವೆ ಶಾರ್ಟ್ ಇಲ್ಲವೇ ನೋಡಿ. ಆಮೇಲೆ ಪವರ್ ಪ್ಲಾಂಟ್ ಕಡೆ ಕಟ್ಟಿ, ಉಪಕರಣದ ಪ್ಲಗ್ಗನ್ನು ಹೊರಗೇ ಇಟ್ಟುಕೊಂಡು, ತುದಿ ಎಲ್ಲಿಗೂ ತಾಗದಂತೆ ಭದ್ರಪಡಿಸಿ ಎಂಸಿಬಿ ಹಾಕಿ. ಪ್ಲಗ್‌ನ ತೂತಿನಲ್ಲೇ ಅಳೆಯಿರಿ: ಅರ್ಥ್‌ಗೆ ಹೋಲಿಸಿದರೆ ಮೈನಸ್ ಎಂದು ಬರೆದಿರುವ ಜಾಗ ಮೈನಸ್ 54, ರಿಟರ್ನ್ ಸೊನ್ನೆ. ಉಲ್ಟಾ ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಉಲ್ಟಾ ಕೊಟ್ಟರೆ ಕೆಲವು ಉಪಕರಣ ಸುಮ್ಮನೆ ಸತ್ತಂತಿರುತ್ತವೆ, ಕೆಲವುಗಳ ಒಳಗಿನ ಫ್ಯೂಸ್ ಹೋಗುತ್ತದೆ. ರಿಟರ್ನ್ ಅನ್ನು ಒಳಗೇ ಚಾಸಿಗೆ (ಉಪಕರಣದ ಲೋಹದ ಕವಚಕ್ಕೆ) ಸೇರಿಸಿರುವ ಉಪಕರಣವಾದರೆ ಮೈನಸ್ 48 ನೇರವಾಗಿ ಅರ್ಥ್‌ಗೆ ಶಾರ್ಟ್. ಮತ್ತೆ ಎಂಸಿಬಿ ಇಳಿಸಿ, ಮೀಟರಿನಲ್ಲಿ ಸತ್ತದ್ದು ನೋಡಿ, ಪ್ಲಗ್ ಚುಚ್ಚಿ ಸ್ಕ್ರೂ ಬಿಗಿದು, ಆಮೇಲೆ ಎಂಸಿಬಿ ಏರಿಸಿ. ಎಂಸಿಬಿ ಆನ್ ಇರುವಾಗಲೇ ಪ್ಲಗ್ ಚುಚ್ಚಿದರೆ ಕೆಪಾಸಿಟರ್ ತುಂಬುವ ಕರೆಂಟಿಗೆ ಪಿನ್ನುಗಳಲ್ಲಿ ಕಿಡಿ ಹಾರಿ ಕಚ್ಚು ಬೀಳುತ್ತದೆ.

ದೀಪ ಹಸಿರಾಯಿತು ಎಂದು ಬ್ಯಾಗ್ ಕಟ್ಟಬೇಡಿ. ಬಿ ಫೀಡ್ ಇಳಿಸಿ, ಹೊಸ ಎ ಒಂದೇ ಹತ್ತು ನಿಮಿಷ ಪೂರ್ತಿ ಲೋಡ್ ಹೊರಲಿ. ಈಗ ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ಲಗ್‌ನ ಮೈಗೆ, ಇನ್ನೊಂದು ಅದು ಕೂತ ಬಾರ್‌ಗೆ. 11–12 ಆಂಪಿಯರ್ ಹರಿಯುವಾಗ ಒಳ್ಳೆಯ ಜೋಡಣೆಯಲ್ಲಿ ಒಂದೆರಡು ಮಿಲಿವೋಲ್ಟ್ ಬರುತ್ತದೆ. ಹತ್ತು ದಾಟಿದರೆ ಬಿಚ್ಚಿ ಮತ್ತೆ ಮಾಡಿ. ಎಲ್ಲ ಜೋಡಣೆಗೂ, ರಿಟರ್ನ್ ಕಡೆಯದಕ್ಕೂ, ಹೀಗೇ. ಎಲ್ಲರೂ ಮೈನಸ್ ಕಡೆ ನೋಡಿ ರಿಟರ್ನ್ ಬಿಡುತ್ತಾರೆ. ಅದೇ ಕರೆಂಟು ಅಲ್ಲೂ ಹರಿಯುತ್ತದೆ. ಆಮೇಲೆ ಎಂಸಿಬಿ ಹತ್ತಿರದ ವೋಲ್ಟ್, ಉಪಕರಣದ ಹತ್ತಿರದ ವೋಲ್ಟ್. ನಮ್ಮ ಲೆಕ್ಕಕ್ಕೆ 54.0 ಮತ್ತು 53.4 ಬರಬೇಕು. ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಇದ್ದರೆ ಎಲ್ಲೋ ಒಂದು ಜೋಡಣೆ ತಿನ್ನುತ್ತಿದೆ.

ಮುಟ್ಟದೆ ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರು ಅರ್ಧ ಗಂಟೆ ಬಿಟ್ಟು ನೋಡಿ, ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಲಗ್ ಮೇಲೆ ಕಪ್ಪು ಟೇಪಿನ ಚೂರು ಅಂಟಿಸಿ ಅದರ ಮೇಲೆ ಅಳೆಯಿರಿ. ಬಿ ಮತ್ತೆ ಏರಿಸಿ. ಬ್ಯಾಟರಿ ಆರೋಗ್ಯವಾಗಿದೆ ಎಂದು ಗೊತ್ತಿದ್ದರೆ ಎನ್‌ಒಸಿಗೆ ಹೇಳಿ ಕಾಲು ಗಂಟೆ ಮೈನ್ಸ್ ಇಳಿಸಿ, ವೋಲ್ಟ್ ಇಳಿದಾಗ ಉಪಕರಣದ ಬಾಯಲ್ಲಿ ಎಷ್ಟಿದೆ ಎಂದೂ ಬರೆದುಕೊಳ್ಳಿ. ಹೊಸ ಕೇಬಲ್ ಕಟ್ಟಿದ ಎಂಸಿಬಿ, ಬ್ಯಾಟರಿ ಇಳಿದಾಗ ಮೊದಲೇ ಕಡಿದುಹೋಗುವ ಸಾಲಿನಲ್ಲಿದೆಯೋ ಕೊನೆಯವರೆಗೆ ಉಳಿಯುವ ಸಾಲಿನಲ್ಲಿದೆಯೋ ಎನ್ನುವುದನ್ನೂ ಆಗಲೇ ನೋಡಿ. ಊರಿಗೆಲ್ಲ ಸಂಪರ್ಕ ಕೊಡುವ ಉಪಕರಣ ಮೊದಲ ಸಾಲಿನಲ್ಲಿ ಕೂರಬಾರದು.

ದಿನಾಂಕ, ಕೇಬಲ್ ದಪ್ಪ, ಎರಡೂ ಕಡೆಯ ವೋಲ್ಟ್, ಆಂಪಿಯರ್, ಪ್ರತಿ ಜೋಡಣೆಯ ಮಿಲಿವೋಲ್ಟ್, ಇಷ್ಟನ್ನು ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ನಮ್ಮ ತೇವಕ್ಕೆ ಹರಡುತ್ತದೆ. ಹೊಸ ಎಳೆಗಳು ಒತ್ತಡಕ್ಕೆ ಕೂರುತ್ತಾ ಸ್ಕ್ರೂ ಸ್ವಲ್ಪ ಸಡಿಲವಾಗುವುದು ಸಹಜ. ಆದ್ದರಿಂದ ವಾರ ಬಿಟ್ಟು ಒಮ್ಮೆ, ಮುಂಗಾರು ಹಿಡಿಯುವ ಮೊದಲು ಇನ್ನೊಮ್ಮೆ, ಎಂಸಿಬಿ ಇಳಿಸಿ ಸ್ಕ್ರೂ ಬಿಗಿದು, ಮತ್ತೆ ಏರಿಸಿ ಮಿಲಿವೋಲ್ಟ್ ಅಳೆದು, ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ.